ಸೊಪ್ಪು ಚೆನ್ನಾಗಿ ಬಂದ ವರ್ಷ

ಸೊಪ್ಪು ಅಷ್ಟು ಚೆನ್ನಾಗಿ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಊರವರ ಹೊಲಕ್ಕೆ ಹೋಗಿ ಎಲೆ ನೋಡಿ ರೋಗ ಹೇಳುವವಳು ನಾನು, ಕೃಷಿ ಡಿಪ್ಲೊಮಾ ಮಾಡಿದವಳು. ಆ ಜಂಬವೇ ನನ್ನ ಕಣ್ಣು ಕಟ್ಟಿತು ಎಂದು ಈಗ ಅನ್ನಿಸುತ್ತದೆ.

ಕೆಲಸ ಏನೆಂದರೆ, ಉರಿಗಾಂನಲ್ಲಿ ಚಿನ್ನದ ಗಣಿಯವರ ಹಳೆಯ ಮನೆಸಾಲಿನ ಹಿಂದೆ ಬಿದ್ದಿದ್ದ ಖಾಲಿ ಜಾಗದಲ್ಲಿ ಒಂದು ತೋಟ ಮಾಡಬೇಕು. ಒಂದು ಟ್ರಸ್ಟಿನವರ ಯೋಜನೆ. ಪ್ರಪಂಚದಲ್ಲಿ ಬೇಸಾಯ ಎಲ್ಲೆಲ್ಲಿ ಹುಟ್ಟಿತು, ಎಷ್ಟು ಬಗೆಯದು ಎನ್ನುವುದನ್ನು ಶಾಲೆ ಮಕ್ಕಳು ಪುಸ್ತಕದಲ್ಲಿ ಓದುವ ಬದಲು ಓಡಾಡಿ ನೋಡಬೇಕು, ಕೊನೆಗೆ ಅಲ್ಲಿ ಬೆಳೆದದ್ದನ್ನೇ ಅಡುಗೆ ಮಾಡಿ ಮಕ್ಕಳಿಗೆ ಬಡಿಸಬೇಕು ಎನ್ನುವುದು ಅವರ ಆಸೆ. ಐದು ತಾಕು ಮಾಡಿದೆವು. ಮೊದಲನೆಯದು ಮೆಕ್ಸಿಕೋದವರ ಪದ್ಧತಿ: ಮೆಕ್ಕೆಜೋಳ, ಅದರ ಮೈಮೇಲೆ ಹಬ್ಬುವ ಹುರುಳಿಕಾಯಿ, ಕೆಳಗೆ ನೆಲ ಮುಚ್ಚುವ ಕುಂಬಳ. ಎರಡನೆಯದು ಚೀನಾದ ಕಡೆಯದು, ನೀರು ನಿಲ್ಲಿಸಿ ಬೆಳೆಯುವ ಭತ್ತ. ಮೂರನೆಯದರಲ್ಲಿ ಆಫ್ರಿಕಾದಿಂದ ಬಂದ ರಾಗಿ, ನಮ್ಮವರು ಹಾಕುವ ಹಾಗೆ ಮಧ್ಯೆ ಮಧ್ಯೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ನಾಲ್ಕನೆಯದು ಕಾಡು ಕಡಿದು ಸುಟ್ಟು ಬೂದಿಯಲ್ಲಿ ಬಿತ್ತುವ ಕುಮರಿ ಬೇಸಾಯ. ಕಾಡು ಎಲ್ಲಿಂದ ತರೋಣ, ಲಂಟಾನ ಕಡಿದು ಸುಟ್ಟೆವು. ಐದನೆಯದು ಏನೂ ಬಿತ್ತದೆ ಬಿಟ್ಟ ಜಾಗ. ಬೇಸಾಯ ಕಲಿಯುವ ಮುಂಚೆ ಮನುಷ್ಯರು ತಾನಾಗಿ ಎದ್ದಿದ್ದನ್ನೇ ಕಿತ್ತು ತಿನ್ನುತ್ತಿದ್ದರಲ್ಲ, ಅದನ್ನು ತೋರಿಸಲು. ಟ್ರಸ್ಟಿನ ಕಾರ್ಯದರ್ಶಿ ಗೋಧಿಯನ್ನೂ ಹಾಕಿ ಎಂದಿದ್ದರು. ಮುಂಗಾರಿನಲ್ಲಿ ಗೋಧಿ ಹಾಕಿ ನಗೆಪಾಟಲಾಗುವುದು ಬೇಡ ಎಂದು ನಾನೇ ಬಿಡಿಸಿದೆ.

ಜಾಗ ಮೊದಲ ಸಲ ನೋಡಿದಾಗ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಜಲ್ಲಿ, ಗಾರೆ ಚೂರು, ತುಕ್ಕು ಹಿಡಿದ ಬೋಲ್ಟುಗಳು. ಇಂಥ ನೆಲಕ್ಕೆ ನಮ್ಮ ಕಡೆ ಇರುವುದು ಒಂದೇ ಮದ್ದು, ಕೆರೆಗೋಡು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಗೋಡನ್ನು ಅಗೆದು ಹೊಲಕ್ಕೆ ಹೊಡೆಯುವುದು ತಾತ ಮುತ್ತಾತಂದಿರ ಕಾಲದಿಂದ ಬಂದದ್ದು. ನಮ್ಮಪ್ಪ ಗೊಬ್ಬರದ ಅಂಗಡಿಯವರನ್ನು ನಂಬುತ್ತಿರಲಿಲ್ಲ, ಕೆರೆಗೋಡನ್ನು ನಂಬುತ್ತಿದ್ದರು. ಅದು ಹೊಲಕ್ಕೆ ಕೇಡು ಮಾಡಿದ್ದನ್ನು ನಾನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ.

ನಮ್ಮೂರ ಕೆರೆಯಿಂದಲೇ ತರಿಸೋಣ ಎಂದುಕೊಂಡಿದ್ದೆ. ಅದು ಬಂಗಾರಪೇಟೆ ದಾಟಿ ಇನ್ನೂ ಮುಂದೆ. ಪಂಚಾಯಿತಿಗೆ ಅರ್ಜಿ ಕೊಟ್ಟರೆ ಇವತ್ತು ಬನ್ನಿ ನಾಳೆ ಬನ್ನಿ ಎಂದರು. ಮುಂಗಾರು ಬಾಗಿಲಿಗೆ ಬಂದಿತ್ತು. ಹತ್ತಿರದಲ್ಲಿ ಯಾವುದಾದರೂ ಕೆರೆ ಇದ್ದರೆ ತೋರಿಸಪ್ಪ ಎಂದು ಟ್ರ್ಯಾಕ್ಟರಿನವನನ್ನು ಕೇಳಿದೆ. ಅವನು ಒಲ್ಲದ ಮನಸ್ಸಿನಿಂದ ಒಂದು ಪುಟ್ಟ ಕೆರೆಗೆ ಕರೆದುಕೊಂಡು ಹೋದ. ಅದರ ಮೇಲ್ಗಡೆಯೇ ಗಣಿಯ ದಿಬ್ಬ ಇತ್ತು. ಬಂಡೆ ಪುಡಿ ಮಾಡಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ತಲೆಮಾರುಗಟ್ಟಲೆ ಸುರಿದು ಆದ ಗುಡ್ಡ ಅದು. ಇಲ್ಲಿಯವರ ಬಾಯಲ್ಲಿ ಸೈನೈಡ್ ದಿಬ್ಬ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಅದು ಹಾಗೇ ಇದೆ, ಮಳೆ ಬಂದಾಗ ಒಂದಿಷ್ಟು ಕೆಳಗೆ ಇಳಿಯುತ್ತದೆ, ಗಾಳಿ ಬಂದಾಗ ಒಂದಿಷ್ಟು ಮೇಲೆ ಏಳುತ್ತದೆ. ಕೆರೆಯ ಗೋಡು ಬೂದಿ ಬಣ್ಣಕ್ಕಿತ್ತು. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಷ್ಟು ನುಣುಪು.

ಟ್ರ್ಯಾಕ್ಟರಿನವನು ಕೆಳಗಿಳಿಯದೆ ಹೇಳಿದ, "ಅಕ್ಕಾ, ಈ ಕೆರೆ ನೀರು ದನ ಮುಟ್ಟಲ್ಲ. ಬೆಳ್ಳಗಿರೋದೆಲ್ಲ ಆಲಲ್ಲ, ನೋಡ್ಕಳಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ನೀನು ಟ್ರ್ಯಾಕ್ಟರ್ ನೋಡಿಕೋ, ಮಣ್ಣು ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ. ಅವನು ಎಂಟು ಲೋಡು ಹೊಡೆದ.

ಹಾಗಂತ ಕಣ್ಣು ಮುಚ್ಚಿಕೊಂಡೇನೂ ಮಾಡಲಿಲ್ಲ. ಮಣ್ಣು ಹರಡಿದ ಮೇಲೆ ಹತ್ತು ಕಡೆ ಗುಳಿ ತೋಡಿ, ಪಕ್ಕದಿಂದ ಒಂದೊಂದು ಹೋಳು ಕೆತ್ತಿ, ಎಲ್ಲ ಕಲೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಬಿಸಾಡಿ, ಹೀಗೇ ಇಳಿಸುತ್ತ ಅರ್ಧ ಕೆಜಿ ಉಳಿದಾಗ ಬಟ್ಟೆ ಚೀಲದಲ್ಲಿ ಕಟ್ಟಿ ಮಣ್ಣು ಪರೀಕ್ಷೆಗೆ ಕಳಿಸಿದೆ. ಹುಳಿ ಕ್ಷಾರದ ರಸಸಾರ ಸರಿ, ಸಾವಯವ ಇಂಗಾಲ ಪರವಾಗಿಲ್ಲ, ರಂಜಕ ಸ್ವಲ್ಪ ಕಮ್ಮಿ, ಪೊಟ್ಯಾಷ್ ಸಾಕಷ್ಟು ಎಂದು ಚೀಟಿ ಬಂತು. ಅದನ್ನು ಲ್ಯಾಮಿನೇಟ್ ಮಾಡಿಸಿ ಗೇಟಿಗೆ ಕಟ್ಟಿದೆ. ಆ ಪರೀಕ್ಷೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಕೇಳದೇ ಇದ್ದದ್ದನ್ನು ಹೇಳುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೊಳೆಯಲಿಲ್ಲ.

ಕಳೆ ಕೀಳಲು ಬರುತ್ತಿದ್ದವರು ಬಂಗಾರಪೇಟೆ ಪಕ್ಕದ ಹಳ್ಳಿಯ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಮಾರಿಕುಪ್ಪಂ ರೈಲು ಹತ್ತಿ ಉರಿಗಾಂನಲ್ಲಿ ಇಳಿಯುತ್ತಿದ್ದರು. ಕುಡುಗೋಲಿನಷ್ಟೇ ಚುರುಕು ಅವರ ಬಾಯಿ. ಮನೆಸಾಲಿನ ಅಜ್ಜಿಯರ ಜೊತೆ ತಮಿಳು, ತರಕಾರಿಯವನ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಬೈಯುವುದು ಮಾತ್ರ ಮೂರರಲ್ಲೂ. ರಾಗಿ ಆಫ್ರಿಕಾದಿಂದ ಬಂದದ್ದು ಎಂದು ನಾನು ಬೋರ್ಡು ಬರೆಸಿದ ದಿನ ಓದಿಸಿಕೊಂಡು, ಮತ್ತೆ ನಮ್ಮ ಮುತ್ತಜ್ಜಿ ಏನು ತಿನ್ನುತ್ತಿದ್ದರಂತೆ, ಕಲ್ಲೇ ಎಂದರು. ಸಾವಿರಾರು ವರ್ಷದ ಹಿಂದೆಯೇ ಕೈಯಿಂದ ಕೈಗೆ ಬೀಜ ದಾಟಿ ಬಂತು ಎಂದೆ. ಬಂದ ಮೇಲೆ ನಮ್ಮದೇ ತಾನೆ, ಸೊಸೆ ತವರನ್ನು ಎಷ್ಟು ದಿನ ಕೇಳುತ್ತೀರಿ ಎಂದರು. ನಾನು ಬೋರ್ಡು ಬದಲಾಯಿಸಲಿಲ್ಲ, ಆದರೆ ಅವರ ಮಾತೇ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ನಮ್ಮ ಕಡೆ ಕಳೆ ಕೀಳುವ ಹೆಂಗಸು ಬರಿಗೈಲಿ ಮನೆಗೆ ಹೋಗುವುದಿಲ್ಲ. ಕಳೆಯೆಂದು ಕಿತ್ತದ್ದರಲ್ಲಿ ಅರ್ಧ ಅಡುಗೆಗೆ ಆಗುತ್ತದೆ. ಅಣ್ಣೆ, ಕೀರೆ, ಗೋಣಿ, ಗಣಿಕೆ, ಎಲ್ಲ ಸೇರಿಸಿದರೆ ಬೆರಕೆ ಸೊಪ್ಪು. ಅದು ಆಳಿನ ಹಕ್ಕು, ಹೊಲದ ಯಜಮಾನ ಕೇಳುವ ಹಾಗಿಲ್ಲ. ಅಕ್ಕ ದಿನವೂ ಸೆರಗಿನ ತುಂಬ ಕಟ್ಟಿಕೊಂಡು ಹೋಗುತ್ತಿದ್ದರು. ಅದರಲ್ಲೂ ಆ ಐದನೇ ತಾಕು, ಏನೂ ಬಿತ್ತದೆ ಬಿಟ್ಟದ್ದು, ಹುಚ್ಚೆದ್ದು ಬೆಳೆದಿತ್ತು. ಕೀರೆಯ ಎಲೆ ಅಂಗೈ ಅಗಲ. ಮೊದಮೊದಲ ಬೆಳೆಗಳು ಹೀಗೇ, ಮನುಷ್ಯರು ಕಸ ಸುರಿದ ತಿಪ್ಪೆಯ ಮೇಲೆ ಎದ್ದ ಗಿಡಗಳು ಎಂದು ಕೆಲವರು ಹೇಳುತ್ತಾರೆ. ಅದನ್ನೂ ನಾನೇ ಅವರಿಗೆ ಹೇಳಿದೆ, ದೊಡ್ಡ ಪಂಡಿತೆಯ ಹಾಗೆ.

ಸೊಪ್ಪು ಹೋಗುತ್ತಿದ್ದುದು ಅವರ ಮಗಳಿಗೆ. ಚೊಚ್ಚಲ ಬಸುರಿ. ಅಳಿಯನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಮೂರು ತಿಂಗಳಿಗೇ ತವರಿಗೆ ಕರೆತಂದಿದ್ದರು. ರಕ್ತ ಕಮ್ಮಿ ಇದೆ, ಸೊಪ್ಪು ತಿನ್ನಿಸಿ ಎಂದು ನರ್ಸಮ್ಮ ಹೇಳಿದ್ದರಂತೆ. ನಾನೂ ಹೇಳಿದೆ, ಧಾರಾಳವಾಗಿ ತಗೊಂಡು ಹೋಗಿ, ಔಷಧಿ ಹೊಡೆಯದ ಸೊಪ್ಪು ಬಂಗಾರಪೇಟೆ ಸಂತೆಯಲ್ಲೂ ಸಿಗುವುದಿಲ್ಲ ಎಂದು.

ಮೊದಲು ಹೋದದ್ದು ಹುರುಳಿಕಾಯಿ. ಎರಡೆಲೆ ಬಿಟ್ಟು ಮೂರನೆಯದಕ್ಕೆ ಅಂಚು ಸುಟ್ಟ ಹಾಗಾಯಿತು. ಬೇರು ಕೊಳೆಯುವ ರೋಗ ಎಂದುಕೊಂಡು ಮತ್ತೆ ಬಿತ್ತಿದೆ, ಮತ್ತೆ ಹೋಯಿತು. ಆಮೇಲೆ ಅಕ್ಕಡಿಯ ಅವರೆ ಹಳದಿಗೆ ತಿರುಗಿತು. ಒಂದು ಗಿಡ ಕಿತ್ತು ಬೇರು ನೋಡಿದೆ, ಗಂಟೇ ಇಲ್ಲ. ಅವರೆಯ ಬೇರಿನಲ್ಲಿ ಗಂಟಿಲ್ಲದಿರುವುದು ಅಪರೂಪ. ಆದರೆ ಪಕ್ಕದಲ್ಲೇ ರಾಗಿ ಹಸಿರಾಗಿ ನಿಂತಿತ್ತು, ಮೆಕ್ಕೆಜೋಳ ಎದೆಯೆತ್ತರ ಬಂದಿತ್ತು. ಹೊಸ ನೆಲ, ಬೇರಿನ ಗಂಟಿನ ಸೂಕ್ಷ್ಮಾಣು ಇನ್ನೂ ಕೂತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಗಾಳಿ ಎದ್ದಾಗ ದಿಬ್ಬದ ಕಡೆಯಿಂದ ಬಿಳಿ ದೂಳು ಬಂದು ಕುಂಬಳದ ಎಲೆಯ ಮೇಲೆ ಕೂರುತ್ತಿತ್ತು. ಅಕ್ಕ ಸೆರಗಿನಿಂದ ಒರೆಸಿ ಹಾಕುತ್ತಿದ್ದರು. ಒಂದು ದಿನ, ಮಗಳಿಗೆ ಕಾಲು ಜೋಮು ಹಿಡಿದ ಹಾಗಾಗುತ್ತದಂತೆ ಮೇಡಮ್ಮ, ಬಸುರಿಯಲ್ಲಿ ಹಾಗಾಗುವುದು ಉಂಟೇ ಎಂದು ಕೇಳಿದರು. ಉಂಟು ಎಂದೆ. ಉಂಟು ಕೂಡ. ನನಗೆ ಏನೂ ಅನ್ನಿಸಲಿಲ್ಲ.

ಮಕ್ಕಳಿಗೆ ತೋಟ ತೋರಿಸಿ ಊಟ ಬಡಿಸುವ ಕಾರ್ಯಕ್ರಮಕ್ಕೆ ಎಂಟು ದಿನ ಇತ್ತು. ಆವತ್ತು ಶನಿವಾರ. ಬೆಳಿಗ್ಗೆ ಭತ್ತದ ತಾಕಿನ ಬದುವಿನ ಮೇಲೆ ನಿಂತು ನೋಡಿದೆ. ಆ ಹೊತ್ತಿಗೆ ತೆನೆ ಬಾಗಿರಬೇಕು. ಒಂದೂ ಬಾಗಿರಲಿಲ್ಲ. ಎಲ್ಲ ತೆನೆಗಳೂ ನೆಟ್ಟಗೆ ನಿಂತಿದ್ದವು. ನೀರಿಗಿಳಿದು ಒಂದು ಹಿಡಿದು ಉಜ್ಜಿದೆ, ಬರೀ ಜೊಳ್ಳು. ಕೆಲವು ಕಾಳಿನ ಸಿಪ್ಪೆ ಗಿಳಿಯ ಕೊಕ್ಕಿನ ಹಾಗೆ ಸೊಟ್ಟ ತಿರುಗಿತ್ತು. ಇದನ್ನು ನಾನು ಡಿಪ್ಲೊಮಾದಲ್ಲಿ ಒಂದೇ ಒಂದು ಚಿತ್ರದಲ್ಲಿ ನೋಡಿದ್ದೆ. ನೀರು ನಿಂತ ಗದ್ದೆ, ಮಣ್ಣಲ್ಲಿ ಆರ್ಸೆನಿಕ್, ಬಾಗದ ತೆನೆ. ಪರೀಕ್ಷೆಗೆ ಬಾರದ ಪ್ರಶ್ನೆ ಎಂದು ಪುಟ ತಿರುಗಿಸಿದ್ದೆ.

ಎರಡು ಹಿಡಿ ಭತ್ತ, ಒಂದು ಹಿಡಿ ಸೊಪ್ಪು, ಒಂದು ಡಬ್ಬಿ ಮಣ್ಣು ತೆಗೆದುಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದೆ. ಅಲ್ಲಿ ನನಗೆ ಗೊತ್ತಿದ್ದ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಇದ್ದಾರೆ, ಅವರ ತಂದೆ ಗಣಿಯ ಬಂಡೆ ಪುಡಿ ಮಾಡುವ ಮಿಲ್ಲಿನಲ್ಲಿದ್ದವರು. ಮೇಷ್ಟ್ರು ತೆನೆ ನೋಡಿದರು, ಮಣ್ಣನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದರು, ಎಲ್ಲಿಯದು ಎಂದು ಕೇಳಿದರು. ಹೇಳಿದೆ. ಅವರು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದರು.

ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ಎಲ್ಲರೂ ಸೈನೈಡಿಗೆ ಹೆದರುತ್ತಾರೆ, ಸೈನೈಡು ಬಿಸಿಲಿಗೂ ಗಾಳಿಗೂ ವರ್ಷಗಳಲ್ಲಿ ಸವೆಯುತ್ತದೆ. ಚಿನ್ನದ ಬಂಡೆಯ ಜೊತೆಗೇ ಬಂದ ಪಾಷಾಣ, ಅಂದರೆ ಆರ್ಸೆನಿಕ್, ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಮಳೆಯಲ್ಲಿ ಇಳಿದು ಕೆರೆಯ ತಳದಲ್ಲಿ ಕೂರುತ್ತದೆ. ಹುರುಳಿಕಾಯಿ, ಅವರೆ ಅದನ್ನು ತಾಳಲಾರದೆ ಸಾಯುತ್ತವೆ. ಕೆಲವು ಸೊಪ್ಪುಗಳು ಸಾಯುವುದಿಲ್ಲ, ಸುಮ್ಮನೆ ಒಳಗೆ ತುಂಬಿಕೊಳ್ಳುತ್ತವೆ, ನೋಡುವುದಕ್ಕೆ ಚೆನ್ನಾಗಿಯೇ ಇರುತ್ತವೆ. ಬೆಂಗಳೂರಿನ ಲ್ಯಾಬಿಗೆ ಕಳಿಸೋಣ, ಅದಕ್ಕೆ ಮುಂಚೆ ಖಂಡಿತ ಎನ್ನಲಾರೆ, ಆದರೆ ಯಾರೂ ತಿನ್ನಬಾರದು, ಕಿತ್ತು ಸುಡಲೂಬಾರದು, ಹೊಗೆಯಲ್ಲಿ ಹೋಗುತ್ತದೆ ಎಂದರು. ಈಗಾಗಲೇ ತಿಂದವರಿದ್ದರೆ ಎಂದು ಕೇಳಿದೆ. ಕೂದಲಲ್ಲಿ, ಉಗುರಲ್ಲಿ ಉಳಿದಿರುತ್ತದೆ, ಅದನ್ನೂ ಕಳಿಸಬಹುದು, ಡಾಕ್ಟರಿಗೆ ತೋರಿಸಲೇಬೇಕು, ಯಾರು ತಿಂದಿದ್ದಾರೆ ಎಂದರು. ನಾನು ಆಗಲೇ ಸ್ಕೂಟಿಯ ಕೀಲಿ ಹುಡುಕುತ್ತಿದ್ದೆ.

ತೋಟಕ್ಕೆ ವಾಪಸ್ಸು ಬಂದಾಗ ಅಕ್ಕ ಇರಲಿಲ್ಲ. ಶನಿವಾರ ಅರ್ಧ ದಿನ. ಐದನೇ ತಾಕಿನಲ್ಲಿ ಬುಡ ಬುಡ ಕಿತ್ತ ಗುರುತು, ದೊಡ್ಡ ಹೊರೆಯನ್ನೇ ಒಯ್ದಿದ್ದರು.

ಕಾರ್ಯದರ್ಶಿಗೆ ಫೋನು ಮಾಡಿದೆ. ಅವರು ಕೆಟ್ಟವರಲ್ಲ, ಕಾರ್ಯಕ್ರಮದ ಹಿಂದೆ ಆರು ತಿಂಗಳು ಓಡಾಡಿದವರು. ಮಕ್ಕಳಿಗೆ ತೋಟದ್ದನ್ನು ಬಡಿಸುವುದು ಬೇಡ, ಅಂಗಡಿಯಿಂದ ತಂದು ಬಡಿಸೋಣ ಎಂದು ಕೂಡಲೇ ಒಪ್ಪಿದರು. ಉಳಿದದ್ದಕ್ಕೆ ಮಾತ್ರ, "ರಿಪೋರ್ಟ್ ಬರಲಿ ಮೇಡಂ. ಅಲ್ಲಿವರೆಗೂ ಯಾರಿಗೂ ಬಾಯಿ ಬಿಡಬೇಡಿ, ಆ ಕೂಲಿ ಹೆಂಗಸಿಗಂತೂ ಬೇಡ. ಸುಮ್ನೆ ಗಾಬರಿ ಆಗ್ತಾರೆ" ಎಂದರು.

ಗಾಬರಿಯಾಗುತ್ತಾರೆ ಎನ್ನುವುದು ನಿಜ. ಹತ್ತು ದಿನ ಸುಮ್ಮನಿದ್ದು ಲ್ಯಾಬಿನ ಚೀಟಿ ಕೈಗೆ ಬಂದ ಮೇಲೆ ಹೇಳಿದರೆ ನನಗೂ ಸುಲಭ. ಗೇಟಿನ ಹತ್ತಿರ ನಿಂತು ಅದನ್ನೇ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಈ ಹೊತ್ತಿಗೆ ಅಕ್ಕನ ಮನೆಯಲ್ಲಿ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ ಎನ್ನುವುದು ನೆನಪಾಯಿತು. ಅವರ ಹತ್ತಿರ ಫೋನು ಇರಲಿಲ್ಲ, ಮಗಳ ನಂಬರು ನಾನು ಯಾವತ್ತೂ ತೆಗೆದುಕೊಂಡಿರಲಿಲ್ಲ. ಗೇಟಿಗೆ ಬೀಗ ಹಾಕಿ, ಕೀಲಿ ನನ್ನ ಹತ್ತಿರ ಇಟ್ಟುಕೊಂಡು, ನಾನು ಹೇಳಲು ಹೋಗುತ್ತಿದ್ದೇನೆ ಎಂದು ಕಾರ್ಯದರ್ಶಿಗೆ ಮೆಸೇಜು ಹಾಕಿ ಸ್ಕೂಟಿ ಹತ್ತಿದೆ. ಬಂಗಾರಪೇಟೆ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಇರಲಿಲ್ಲ. ಅಷ್ಟು ಹೊತ್ತು ನಾನು ಯಾವ ದೇವರನ್ನು ಬೇಡಿಕೊಂಡೆ ಎಂದು ನೆನಪಿಲ್ಲ.

ಹಳ್ಳಿಯಲ್ಲಿ ಕೇಳಿಕೊಂಡು ಮನೆ ತಲುಪುವಷ್ಟರಲ್ಲಿ ತಾಯಿ ಮಗಳು ಊಟಕ್ಕೆ ಕೂತಿದ್ದರು. ಪಡಸಾಲೆಯಲ್ಲಿ ಮಗಳು ಗೋಡೆಗೆ ಒರಗಿ, ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಪಲ್ಯ, ಬಸ್ಸಾರು. ಏಳು ತುಂಬಿದ ಹೊಟ್ಟೆ, ಕಣ್ಣ ಕೆಳಗೆ ಕಪ್ಪು. ಅಕ್ಕನಿಗೆ ನನ್ನನ್ನು ನೋಡಿ ಆದ ಸಂತೋಷ ಹೇಳತೀರದು. ಒಂದೇ ಒಂದು ದಿನ ನಮ್ಮ ಮನೆಗೆ ಬನ್ನಿ ಎಂದು ನಾಲ್ಕು ತಿಂಗಳಿಂದ ಕರೆಯುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ತಟ್ಟೆ ಹಾಕಿದರು, ಮುದ್ದೆ ಇಟ್ಟರು, ನಿಮ್ಮ ತೋಟದ್ದೇ ಎಂದು ನಗುತ್ತ ಸಾರು ಬಿಟ್ಟರು. ಮಗಳು ಇನ್ನೊಂದು ತುತ್ತು ಮುರಿದು ಸಾರಿನಲ್ಲಿ ಅದ್ದಿದಳು. ಅವಳ ಉಗುರು ನೋಡಲು ಹೋದೆ, ರಾಗಿ ಮೆತ್ತಿತ್ತು.

"ತಿನ್ನಬೇಡಮ್ಮ," ಎಂದೆ. "ಕೆಳಗಿಡು."

ಅವಳ ಕೈ ಹಾಗೇ ನಿಂತಿತು. ಹೇಳಿದೆ. ತೋಟದ ಮಣ್ಣಲ್ಲಿ ಪಾಷಾಣ ಇರುವ ಹಾಗಿದೆ, ಇನ್ನೂ ಖಾತ್ರಿಯಾಗಿಲ್ಲ, ಆದರೆ ಸೊಪ್ಪು ತಿನ್ನುವ ಹಾಗಿಲ್ಲ. ಎಷ್ಟು ಹೊತ್ತು ಮಾತಾಡಿದೆನೋ, ಏನೇನು ಹೇಳಿದೆನೋ. ಅಕ್ಕ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು.

"ಬೇಯ್ಸಿದ್ರೆ ಓಗಲ್ವಾ ಮೇಡಮ್ಮ?" ಎಂದು ಕೇಳಿದರು.

ಒಂದಿಷ್ಟು ಬೇಯಿಸಿದ ನೀರಿಗೆ ಇಳಿಯುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಆ ನೀರನ್ನು ನಾವು ಬಸಿದು ಚೆಲ್ಲುವುದಿಲ್ಲ, ಬಸ್ಸಾರು ಮಾಡುತ್ತೇವೆ. ಅಕ್ಕ ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ನೋಡಿ, ತಾವಾಗಿಯೇ ತಿಳಿದುಕೊಂಡು, ಅದನ್ನು ಮೆಲ್ಲಗೆ ನೆಲದ ಮೇಲೆ ಇಟ್ಟರು. ಮಗಳು ಎದ್ದು ಹೋಗಿ ಕೈ ತೊಳೆದುಕೊಂಡು, ಬಾಯಿ ಮುಕ್ಕಳಿಸಿ, ಮತ್ತೆ ಮುಕ್ಕಳಿಸಿ ಬಂದಳು.

"ನನ್ಗೇನೂ ಆಗಲ್ಲ ಬಿಡಿ ಮೇಡಮ್ಮ. ಮಗೀಗೆ?" ಎಂದಳು.

ಗೊತ್ತಿಲ್ಲ ಎಂದೆ. ಸೋಮವಾರ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಈಗ ತಲೆಯ ಹಿಂದಿನಿಂದ ಬುಡಕ್ಕೇ ಕತ್ತರಿಸಿದ ಒಂದಿಷ್ಟು ಕೂದಲು, ಎರಡು ಕೈಯ ಉಗುರು ಕೊಟ್ಟರೆ ಪರೀಕ್ಷೆಗೆ ಕಳಿಸುತ್ತೇನೆ ಎಂದು ಚೀಲದಿಂದ ಕತ್ತರಿ ತೆಗೆದೆ. ಅಕ್ಕ ಅಡ್ಡ ಬಂದರು. ಬಸುರಿಯ ತಲೆಗೆ ಕತ್ತರಿ ಹಾಕುವುದು ನಮ್ಮಲ್ಲಿಲ್ಲ, ಗಂಡ ಕೂಡ ಆ ದಿನಗಳಲ್ಲಿ ಕ್ಷೌರ ಮಾಡಿಸುವುದಿಲ್ಲ, ಅಪಶಕುನ. ನನಗೂ ಗೊತ್ತು. ಮಗಳು ಜಡೆ ಬಿಚ್ಚಿಕೊಂಡು ನಮಗೆ ಬೆನ್ನು ಹಾಕಿ ಕೂತಳು.

ಅಕ್ಕ ಅವಳ ಕೂದಲನ್ನು ಒಂದು ಸಲ ಬೆರಳಿನಿಂದ ಬಾಚಿದರು. ಆಮೇಲೆ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡರು.

"ಉಣ್ಣಾಕಿಕ್ಕಿದ್ದು ನಾನು," ಎಂದರು. "ಇದುನ್ನೂ ನಾನೇ ಮಾಡ್ತೀನಿ, ಬಿಡಿ."

ಅಲ್ಲ ಅಕ್ಕಾ, ಆ ಮಣ್ಣು ತರಿಸಿದ್ದು ನಾನು ಎಂದು ಆಗಲೇ ಹೇಳಬೇಕಿತ್ತು. ಮಣ್ಣಲ್ಲಿ ವಿಷ ಇದೆ ಎಂದಿದ್ದೆನೇ ಹೊರತು ಆ ಮಣ್ಣು ಅಲ್ಲಿಗೆ ಹೇಗೆ ಬಂತು ಎನ್ನುವುದನ್ನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಅವರು ಹಿಂದಲೆಯ ಒಂದು ಎಸಳು ಬೇರ್ಪಡಿಸಿ ಕತ್ತರಿ ಇಟ್ಟರು. ಮಗಳು ತಲೆ ಬಗ್ಗಿಸಿಕೊಂಡು ಕೂತಿದ್ದಳು. ನಾನು ಬಾಯಿ ಬಿಡದೆ, ಕೂದಲು ಹಾಕಲು ಕವರು ಅಗಲಿಸಿ ಹಿಡಿದುಕೊಂಡೆ.